ಥ್ರೆಟ್ ಅಸೆಸ್‌ಮೆಂಟ್: ಯಾರು ಯಾರಿಗೆ ಏನು ಹೇಳಬಹುದು?

ಬೆದರಿಕೆ ಹಾಕಿದವರೆಲ್ಲ ದಾಳಿ ಮಾಡುವುದಿಲ್ಲ. ದಾಳಿ ಮಾಡಿದವರಲ್ಲಿ ಹೆಚ್ಚಿನವರು ಗುರಿಯಾದವರಿಗೆ ಬೆದರಿಕೆಯನ್ನೇ ಹಾಕಿರುವುದಿಲ್ಲ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 2002ರಲ್ಲಿ 37 ಶಾಲಾ ದಾಳಿಗಳ ವರದಿ ಕೊಟ್ಟವು. 41 ದಾಳಿಕೋರರಲ್ಲಿ ಹಾಗೆ ನೇರ ಬೆದರಿಕೆ ಹಾಕಿದ್ದವರು ಶೇ. 17 ಮಾತ್ರ. ಆದರೆ ಶೇ. 81 ಪ್ರಕರಣಗಳಲ್ಲಿ ಒಬ್ಬರಿಗಾದರೂ ಸುಳಿವಿತ್ತು, ಜಾಸ್ತಿ ಸಲ ಗೆಳೆಯರಿಗೆ. ಹಾಗಾಗಿ ಥ್ರೆಟ್ ಅಸೆಸ್‌ಮೆಂಟ್ ತಂಡ, ಅಂದರೆ ಯಾರಿಂದ ದಾಳಿಯ ಅಪಾಯವಿದೆ ಎಂದು ಅಳೆದು ಅದನ್ನು ತಡೆಯಲು ಕೂರುವ ಗುಂಪು, ನೋಡುವುದು ನಡವಳಿಕೆಯನ್ನು. ಕೊರಗು, ಯೋಚನೆ, ಯೋಜನೆ, ತಯಾರಿ: ವ್ಯಕ್ತಿ ಇದರಲ್ಲಿ ಮುಂದೆ ಹೋಗುತ್ತಿದ್ದಾನಾ? 'ಇಂಥವರೇ ಮಾಡುತ್ತಾರೆ' ಎಂಬ ಅಚ್ಚು ಯಾವುದೂ ಸಿಕ್ಕಿಲ್ಲ.

ಕಷ್ಟ ಇರುವುದು ಮುಂದೆ, ಒಬ್ಬೊಬ್ಬರಿಗೆ ಗೊತ್ತಿರುವುದನ್ನು ಒಟ್ಟಿಗೆ ತರುವುದರಲ್ಲಿ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರ ಏಪ್ರಿಲ್ 16ರಂದು ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. 2005ರಲ್ಲೇ ಇಂಗ್ಲಿಷ್ ವಿಭಾಗದ ಅಧ್ಯಾಪಕರು ಅವನ ಬರಹ ನೋಡಿ ಆತಂಕಪಟ್ಟಿದ್ದರು. ವಿದ್ಯಾರ್ಥಿನಿಯರು ಕ್ಯಾಂಪಸ್ ಪೊಲೀಸರಿಗೆ ದೂರಿದ್ದರು. ಚಿಕಿತ್ಸೆ ಪಡೆಯಬೇಕೆಂಬ ಆದೇಶವೂ ಆಗಿತ್ತು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಖಾಸಗಿತನದ ಕಾನೂನು ಬಾಯಿ ಕಟ್ಟಿದೆ ಎಂದು ಅಲ್ಲಿನವರು ನಂಬಿದ್ದರು, ಕಾನೂನು ಅಷ್ಟು ಬಿಗಿ ಇರಲಿಲ್ಲ ಎಂದು ತನಿಖಾ ಸಮಿತಿ ಹೇಳಿತು.

ಇಲ್ಲಿ ನಿಧಾನವಾಗಿ ಹೋಗೋಣ, ತಲೆಗೆ ಹತ್ತಲು ನನಗೆ ಜಾಸ್ತಿ ಹೊತ್ತು ಬೇಕಾದದ್ದು ಇದೇ. ಫರ್ಪಾ (FERPA) ಎಂಬ ಅಮೆರಿಕದ ಖಾಸಗಿತನದ ಕಾನೂನು ಕಾಯುವುದು ವಿದ್ಯಾರ್ಥಿಯ ದಾಖಲೆಯನ್ನು: ಅಂಕಪಟ್ಟಿ, ಶಿಸ್ತಿನ ಫೈಲು. ಅಧ್ಯಾಪಕಿ ತರಗತಿಯಲ್ಲಿ ಕಣ್ಣಾರೆ ಕಂಡದ್ದು ದಾಖಲೆಯಲ್ಲ. ವಿದ್ಯಾರ್ಥಿ ಅವರ ಜೊತೆ ಆಡಿದ ಮಾತೂ ಅಲ್ಲ. 'ಅವನು ಹೀಗೆ ನಡೆದುಕೊಂಡ, ನನಗೆ ಭಯವಾಯಿತು' ಎಂದು ಅವರು ಪೊಲೀಸರಿಗೆ ಹೇಳಬಹುದು. ಆಫೀಸಿನ ಫೈಲು ತೆಗೆದು ಅದರಲ್ಲಿದ್ದದ್ದನ್ನು ಓದಿ ಹೇಳಿದರೆ ಆಗ ನಿಯಮ ಅಡ್ಡ ಬರುತ್ತದೆ. ಕಂಡದ್ದು ಬೇರೆ, ಫೈಲು ಬೇರೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಫೈಲಿನ ಮಾಹಿತಿ ಕೊಡಲೂ ವಿನಾಯಿತಿ ಇದೆ. ಕ್ಯಾಂಪಸ್ ಪೊಲೀಸರು ತಮ್ಮ ಕೆಲಸಕ್ಕೆ ಇಟ್ಟುಕೊಂಡ ದಾಖಲೆ ಫರ್ಪಾದ ಹೊರಗೇ ಇದೆ.

ಆಪ್ತಸಲಹೆಗಾರರ ನಿಯಮ ಇನ್ನೂ ಬಿಗಿ. ಅದಕ್ಕೆ ನಾನು ಇಟ್ಟುಕೊಂಡ ಸೂತ್ರ: ಹೇಳಬಾರದವರೂ ಕೇಳಿಸಿಕೊಳ್ಳಬಹುದು. ರೋಗಿಯ ಮಾತನ್ನು ಅವರು ಸಾಮಾನ್ಯವಾಗಿ ಹೊರಗೆ ಬಿಡುವಂತಿಲ್ಲ, ನಿಜ. ಆದರೆ ಅಧ್ಯಾಪಕಿ ಕಂಡದ್ದು ಅವರಿಗೆ ತಲುಪಿದರೆ ಚಿಕಿತ್ಸೆಯ ದಾರಿಯೇ ಬದಲಾಗಬಹುದು, ಅಲ್ವಾ?

ವರ್ಜೀನಿಯಾ ರಾಜ್ಯ 2008ರಲ್ಲಿ ಸರ್ಕಾರಿ ಕಾಲೇಜುಗಳಿಗೆ, 2013ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ ತಂಡ ಕಡ್ಡಾಯ ಮಾಡಿತು. ಕಾಲೇಜಿನ ತಂಡದಲ್ಲಿ ಪೊಲೀಸರು, ಮಾನಸಿಕ ಆರೋಗ್ಯದವರು, ವಿದ್ಯಾರ್ಥಿಗಳ ಕ್ಷೇಮ ನೋಡುವವರು ಒಟ್ಟಿಗೆ ಕೂರುತ್ತಾರೆ. ಸುಮ್ನೆ ಡಿಬಾರ್ ಮಾಡಿ ಕೈತೊಳೆದುಕೊಂಡರೆ ಕೊರಗು ಹಾಗೇ ಉಳಿಯುತ್ತದೆ, ಅವನ ಮೇಲೆ ಕಣ್ಣಿಡುವವರೂ ಇಲ್ಲದಂತಾಗುತ್ತದೆ. ಅದಕ್ಕೇ ತಂಡ ಕೊರಗು ಕೇಳುತ್ತದೆ, ಚಿಕಿತ್ಸೆಗೆ ಜೋಡಿಸುತ್ತದೆ, ಆಯುಧ ಕೈಗೆ ಸಿಗದಂತೆ ಮನೆಯವರ ಜೊತೆ ಮಾತಾಡುತ್ತದೆ, ಅಪಾಯ ಇಳಿಯುವವರೆಗೆ ವಿಚಾರಿಸುತ್ತಲೇ ಇರುತ್ತದೆ.