ಪದ ಪರಿಚಯ: ಪೇಷೆಂಟ್ ಟ್ರ್ಯಾಕಿಂಗ್

ಒಂದೇ ಹೊತ್ತಿಗೆ ನೂರಾರು ಮಂದಿ ಗಾಯಗೊಂಡಾಗ ಯಾರು ಯಾವ ಆಂಬ್ಯುಲೆನ್ಸ್ ಹತ್ತಿದರು, ಯಾವ ಆಸ್ಪತ್ರೆ ಸೇರಿದರು, ಅಲ್ಲಿಂದ ಮತ್ತೆಲ್ಲಿಗೆ ಹೋದರು ಎಂಬುದನ್ನು ಇಡೀ ನಗರಕ್ಕೆ ಒಂದೇ ಪಟ್ಟಿಯಲ್ಲಿ ದಾಖಲಿಸುವ ಏರ್ಪಾಟಿಗೆ ಪೇಷೆಂಟ್ ಟ್ರ್ಯಾಕಿಂಗ್ ಸಿಸ್ಟಂ ಎನ್ನುತ್ತಾರೆ. ಓಪಿಡಿ ಚೀಟಿಯಿಂದ ಡಿಸ್ಚಾರ್ಜ್‌ವರೆಗೆ ಆಸ್ಪತ್ರೆಯೊಳಗೆ ಲೆಕ್ಕ ಇಡುವ ಸಾಫ್ಟ್‌ವೇರ್ ಬೇರೆ. ಇದು ಶುರುವಾಗುವುದು ರಸ್ತೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ.

ಪ್ರಜ್ಞೆ ತಪ್ಪಿದವರ ಹೆಸರು ಕೇಳುವಂತಿಲ್ಲ. ಪರ್ಸು, ಮೊಬೈಲು ಎಲ್ಲೋ ಬಿದ್ದಿರುತ್ತವೆ. ಆದ್ದರಿಂದ ಮೊದಲು ಸಂಖ್ಯೆ, ಹೆಸರು ಆಮೇಲೆ. ಈ ಸಂಖ್ಯೆ ಸಾಮಾನ್ಯವಾಗಿ ಟ್ರಯಾಜ್ ಟ್ಯಾಗಿನ ಮೇಲೆ, ಇಲ್ಲವೇ ಕೈಪಟ್ಟಿಯ ಮೇಲೆ ಅಚ್ಚಾಗಿರುತ್ತದೆ. ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವುದು ಟ್ರಯಾಜ್. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಟಾರ್ಟ್’ ಎಂಬ ಕ್ರಮ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಎದ್ದು ನಡೆಯಬಲ್ಲವರು ಹಸಿರು. ಉಸಿರು ನಿಮಿಷಕ್ಕೆ 30 ದಾಟಿದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಅಥವಾ ಹೇಳಿದ ಮಾತಿಗೆ ಸ್ಪಂದಿಸದಿದ್ದರೆ ಕೆಂಪು. ಸ್ವಲ್ಪ ಕಾಯಬಲ್ಲವರು ಹಳದಿ. ಶ್ವಾಸನಾಳ ತೆರವು ಮಾಡಿದರೂ ಉಸಿರಾಡದವರು ಕಪ್ಪು. ಟ್ಯಾಗಿನ ಕೆಳತುದಿಯಲ್ಲಿ ಹರಿಯಲು ಬರುವ ಬಣ್ಣದ ತುಂಡುಗಳಿರುತ್ತವೆ. ಬೇಡದ್ದನ್ನು ಹರಿದುಹಾಕಿದರೆ ಕೊನೆಗೆ ತುದಿಯಲ್ಲಿ ಉಳಿದ ಬಣ್ಣವೇ ಆ ವ್ಯಕ್ತಿಯ ವರ್ಗ. ಅದೇ ಟ್ಯಾಗಿನ ಬಾರ್‌ಕೋಡನ್ನು ಸ್ಥಳದಲ್ಲಿ, ಆಂಬ್ಯುಲೆನ್ಸ್ ಹೊರಡುವಾಗ, ಆಸ್ಪತ್ರೆಯ ಬಾಗಿಲಲ್ಲಿ ಸ್ಕ್ಯಾನ್ ಮಾಡುತ್ತ ಹೋದರೆ ಟ್ರ್ಯಾಕಿಂಗ್ ಆಯಿತು.

ಹೇಳುವಾಗ ಇಷ್ಟು ಸುಲಭ. ಪ್ಯಾರಿಸ್ ನಗರಕ್ಕೆ ಇದರ ಕಷ್ಟ ಚೆನ್ನಾಗಿ ಗೊತ್ತು. ಅಲ್ಲಿನ ಅಗ್ನಿಶಾಮಕ ದಳ ಸೇನೆಯ ಭಾಗ. ದಳದವರ ಬಳಿ ಸಿನುಸ್ ಎಂಬ ಬಾರ್‌ಕೋಡ್ ಕೈಪಟ್ಟಿಯ ವ್ಯವಸ್ಥೆ 2015ಕ್ಕೆ ಮೊದಲೇ ಇತ್ತು. ಆ ವರ್ಷ ನವೆಂಬರ್ 13ರ ರಾತ್ರಿ ಸ್ಟೇಡಿಯಂ, ಕೆಫೆಗಳು, ಬಟಾಕ್ಲಾನ್ ಸಭಾಂಗಣ ಹೀಗೆ ಹಲವು ಕಡೆ ಒಟ್ಟಿಗೇ ದಾಳಿಯಾಯಿತು. 130 ಮಂದಿ ಸತ್ತರು, 350ಕ್ಕೂ ಹೆಚ್ಚು ಜನ ಗಾಯಗೊಂಡರು. ಎಲ್ಲರ ಕೈಗೂ ಪಟ್ಟಿ ಬೀಳಲಿಲ್ಲ. ಆಸ್ಪತ್ರೆಗಳು ತಮ್ಮ ತಮ್ಮ ಪಟ್ಟಿ ಬರೆದುಕೊಂಡವು. ಸಹಾಯವಾಣಿಗೆ ಲೈನ್ ಸಿಗದೆ ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಕಾಣೆಯಾದವರ ಫೋಟೋ ಹಾಕಿ ಹುಡುಕಲು ಟ್ವಿಟರ್‌ನಲ್ಲಿ ಒಂದು ಹ್ಯಾಶ್‌ಟ್ಯಾಗ್ ಓಡಿತು. ಚಿಕಿತ್ಸೆಯ ಮಟ್ಟಿಗೆ ಪ್ಯಾರಿಸ್‌ನ ವೈದ್ಯರು ಆ ರಾತ್ರಿ ಮೆಚ್ಚುಗೆ ಗಳಿಸಿದರು. ಟೀಕೆ ಕೇಳಿಬಂದದ್ದು ‘ನಮ್ಮವರು ಎಲ್ಲಿದ್ದಾರೆ’ ಎಂದು ಕೇಳಿದವರಿಗೆ ಕೊಟ್ಟ ಉತ್ತರದ ಬಗ್ಗೆ. ಆಮೇಲೆ ಫ್ರಾನ್ಸ್ ಸರ್ಕಾರ ಆಸ್ಪತ್ರೆಗಳನ್ನೆಲ್ಲ ಜೋಡಿಸುವ ಸಿ-ವಿಕ್ ಎಂಬ ರಾಷ್ಟ್ರೀಯ ವ್ಯವಸ್ಥೆ ತಂದಿತು.

ಸಿ-ವಿಕ್‌ನ ಮುಂದಿನ ಕಥೆ ಸ್ವಾರಸ್ಯವಾಗಿದೆ. 2019ರಲ್ಲಿ, ಸರ್ಕಾರದ ವಿರುದ್ಧ ಬೀದಿಗಿಳಿದವರ ‘ಹಳದಿ ಅಂಗಿ’ ಪ್ರತಿಭಟನೆಯಲ್ಲಿ ಪೆಟ್ಟು ತಿಂದು ಬಂದವರ ಹೆಸರನ್ನೂ ಅದರಲ್ಲಿ ತುಂಬಿದ್ದು ಬೆಳಕಿಗೆ ಬಂದು ದೊಡ್ಡ ಗಲಾಟೆಯಾಯಿತು. ಮನೆಯವರಿಗೆ ಸುದ್ದಿ ಮುಟ್ಟಿಸಲು ಮಾಡಿದ ಪಟ್ಟಿ ಪೊಲೀಸರ ಕೈಗೆ ಸಿಕ್ಕರೆ ಏನು ಗತಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮರುವರ್ಷ ಕೋವಿಡ್ ಬಂದಾಗ ಆಸ್ಪತ್ರೆಯಲ್ಲಿರುವವರು ಎಷ್ಟು, ಐಸಿಯುನಲ್ಲಿ ಎಷ್ಟು ಎಂದು ಫ್ರಾನ್ಸ್ ದಿನವೂ ಪ್ರಕಟಿಸುತ್ತಿದ್ದ ಅಂಕಿಗಳು ಬರುತ್ತಿದ್ದದ್ದೂ ಇದೇ ಸಿ-ವಿಕ್‌ನಿಂದ.

ಇಂಥ ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ ನಡೆದ ರೈಲು ದುರಂತದಲ್ಲಿ ಸಿಕ್ಕಿಕೊಂಡ ಗಾಡಿಗಳಲ್ಲಿ ಒಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ಸಾವಿರಕ್ಕೂ ಹೆಚ್ಚು ಗಾಯಾಳುಗಳು ಸೊರೊ, ಬಾಲಸೋರ್, ಭದ್ರಕ್, ಕಟಕ್ ಎಂದು ಚದುರಿಹೋದರು. ಜನರಲ್ ಬೋಗಿಯವರ ಹೆಸರು ರಿಸರ್ವೇಶನ್ ಚಾರ್ಟಿನಲ್ಲಿ ಇರುವುದೇ ಇಲ್ಲ. ಶವ ಇಟ್ಟಿದ್ದ ಶಾಲೆಯಲ್ಲಿ ಬಂಗಾಳದ ತಂದೆಯೊಬ್ಬರಿಗೆ ಮಗ ಜೀವಂತ ಸಿಕ್ಕಿದ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆಡಳಿತ ಸುಮ್ಮನೆ ಕೂತಿರಲಿಲ್ಲ. ಗಾಯಾಳುಗಳ ಪಟ್ಟಿ, ಮೃತರ ಫೋಟೋಗಳನ್ನು ವೆಬ್‌ಸೈಟಿಗೆ ಹಾಕಿತು. ಆದರೂ ಒಂದೇ ಶವಕ್ಕೆ ಎರಡು ಕುಟುಂಬಗಳು ಬಂದು, ಡಿಎನ್‌ಎ ಪರೀಕ್ಷೆಗೆ ಕಾಯಬೇಕಾಯಿತು.

ಟೆಂಡರ್ ಕರೆಯುವ ನಗರಗಳು ಸ್ಕ್ಯಾನರು, ಸರ್ವರು, ಆ್ಯಪು ಎಂದು ಯೋಚಿಸುತ್ತವೆ. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಆಂಬ್ಯುಲೆನ್ಸ್ ಹತ್ತದೆ ಬಂದವರಿಗೆ ಸಂಖ್ಯೆ ಕೊಡುವವರು ಯಾರು? 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತೋತ್ಸವದಲ್ಲಿ ಗುಂಡಿನ ದಾಳಿಯಾದಾಗ ಬಹಳಷ್ಟು ಗಾಯಾಳುಗಳು ಸಿಕ್ಕ ಸಿಕ್ಕ ಕಾರು, ಪಿಕಪ್ ಟ್ರಕ್ಕುಗಳಲ್ಲಿ ಆಸ್ಪತ್ರೆ ಮುಟ್ಟಿದರು. ಸನ್‌ರೈಸ್ ಆಸ್ಪತ್ರೆಯೊಂದಕ್ಕೇ ಸುಮಾರು 200 ಮಂದಿ. ನಮ್ಮಲ್ಲಂತೂ ಅಪಘಾತವಾದರೆ ಆಟೋ, ಟೆಂಪೋ, ಯಾರದೋ ಬೈಕು. ಆಗ ಟ್ಯಾಗಿನ ಕಟ್ಟು ಕ್ಯಾಶುವಾಲ್ಟಿ ಬಾಗಿಲಲ್ಲಿ, ಅದೂ ಸಣ್ಣ ನರ್ಸಿಂಗ್ ಹೋಮಿನ ಬಾಗಿಲಲ್ಲೂ ಇರಬೇಕು. ಕಟ್ಟುವ ಕೆಲಸ ಯಾರದು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ನೆಟ್‌ವರ್ಕ್ ಬಿದ್ದರೂ ಓದಲು ಆಗುವಂತೆ ಸಂಖ್ಯೆ ಕಾಗದದ ಮೇಲೂ ಇರಬೇಕು.

ಇನ್ನು ಅಭ್ಯಾಸದ ಮಾತು. ವರ್ಷಕ್ಕೊಮ್ಮೆ ತೆಗೆಯುವ ಸ್ಕ್ಯಾನರ್‌ನ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಚಿಕಾಗೋ ನಗರ ತನ್ನ ಮ್ಯಾರಥಾನನ್ನೇ ಮೊದಲೇ ಗೊತ್ತಿರುವ ಒಂದು ದುರಂತ ಎಂಬಂತೆ ನಡೆಸುತ್ತದೆ: ವೈದ್ಯಕೀಯ ಡೇರೆಗೆ ಬಂದ ಓಟಗಾರರನ್ನೆಲ್ಲ ಅವರ ಎದೆಯ ಮೇಲಿನ ನಂಬರಿನಿಂದ ದಾಖಲಿಸಿಕೊಂಡು, ಆಸ್ಪತ್ರೆಗೆ ಕಳಿಸಿದರೆ ಅದನ್ನೂ ಬರೆದು, ಹುಡುಕಿಕೊಂಡು ಬಂದ ಮನೆಯವರಿಗೆ ತಿಳಿಸುತ್ತದೆ.