ಬೈದರೆ ಚಟ ಬಿಡುವುದೇ? ವ್ಯಸನಿಗಳ ಆಪ್ತಸಮಾಲೋಚನೆ ನಡೆದುಬಂದ ದಾರಿ

‘ಇವನು ಒಪ್ಪಿಕೊಳ್ಳುವುದಿಲ್ಲ. ಒಪ್ಪದಿರುವುದೇ ಇವನ ಕಾಯಿಲೆ.’ ಕುಡಿತಕ್ಕೋ ಮಾದಕ ವಸ್ತುವಿಗೋ ದಾಸರಾದವರ ಬಗ್ಗೆ ಆಪ್ತಸಮಾಲೋಚಕರು ದಶಕಗಳ ಕಾಲ ಹೇಳುತ್ತಿದ್ದ ಮಾತಿದು. ಹಾಗಾಗಿ ಮೊದಲು ಆ ಹಟ ಮುರಿಯಬೇಕು, ಚಿಕಿತ್ಸೆ ಆಮೇಲೆ ಎಂಬುದು ರೂಢಿಯಾಗಿತ್ತು. ಈ ನಂಬಿಕೆ ಕುಸಿದ ಬಗೆಯಲ್ಲೇ ಇವತ್ತಿನ ಸಮಾಲೋಚನೆಯ ಬೇರಿದೆ.

ಅತಿಕುಡಿತ ಬರಿಯ ದುರ್ನಡತೆಯಲ್ಲ, ರೋಗ ಎಂದು ಅಮೆರಿಕದ ವೈದ್ಯ ಬೆಂಜಮಿನ್ ರಶ್ 18ನೇ ಶತಮಾನದ ಕೊನೆಯಲ್ಲೇ ಹೇಳಿದ್ದರು. 1804ರಲ್ಲಿ ಬ್ರಿಟನ್ನಿನ ವೈದ್ಯ ಥಾಮಸ್ ಟ್ರಾಟರ್ ಅದನ್ನು ಮನಸ್ಸಿನ ರೋಗವೆಂದರು. 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಓಹಿಯೋದ ಆಕ್ರನ್‌ನಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಆರಂಭಿಸಿದಾಗ, ಕುಡಿತ ಬಿಟ್ಟವರು ಬಿಡಲು ಹೆಣಗುವವರ ಜೊತೆ ಕೂರುವುದೇ ಅದರ ತಿರುಳಾಗಿತ್ತು. ಅಲ್ಲಿ ಬೈಗುಳಕ್ಕೆ ಜಾಗವಿರಲಿಲ್ಲ. ಗದರುವ ಪದ್ಧತಿ ಮೆರೆದದ್ದು 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸಿನನಾನ್‌ನಂಥ, ವ್ಯಸನಿಗಳೇ ಒಟ್ಟಿಗೆ ಬದುಕುವ ಸಮುದಾಯಗಳಲ್ಲಿ. ಒಬ್ಬನನ್ನು ಗುರಿಯಾಗಿಸಿ ಉಳಿದವರು ಗಂಟೆಗಟ್ಟಲೆ ಹೀಯಾಳಿಸುವುದನ್ನೇ ಅಲ್ಲಿ ಚಿಕಿತ್ಸೆ ಎಂದು ನಂಬಿದ್ದರು. ಉಳಿದುಕೊಂಡವರು ಗುಣವಾದಾಗ ಪದ್ಧತಿಗೆ ಹೆಸರು ಬಂತು. ನಡುವೆಯೇ ಎದ್ದುಹೋದವರನ್ನು ‘ಬದಲಾಗಲು ಸಿದ್ಧರಿರಲಿಲ್ಲ’ ಎಂದು ಕೈಬಿಟ್ಟರು. ನಮ್ಮ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ತಪ್ಪು ಅದೇ.

1983ರಲ್ಲಿ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಬೇರೆಯದೇ ವಿವರಣೆ ಮುಂದಿಟ್ಟರು. ನಿರಾಕರಣೆ ವ್ಯಸನಿಯ ಸ್ವಭಾವವಲ್ಲ, ಬಹುಮಟ್ಟಿಗೆ ಸಮಾಲೋಚಕರ ಮಾತಿನ ಧಾಟಿಯಿಂದ ಅದು ಆ ಕೋಣೆಯಲ್ಲೇ ಹುಟ್ಟುತ್ತದೆ ಎಂದರು. 1993ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲ ಕೊಟ್ಟಿತು: ಸಮಾಲೋಚಕರು ಹೆಚ್ಚು ಎದುರುವಾದ ಮಾಡಿದಷ್ಟೂ ಕುಡಿಯುವವರು ಒಂದು ವರ್ಷದ ನಂತರ ಹೆಚ್ಚು ಕುಡಿಯುತ್ತಿದ್ದರು.

ಯಾಕೆ ಹೀಗೆ? ಚಟದಲ್ಲಿರುವವರಿಗೆ ಎರಡು ಮನಸ್ಸು. ಬಿಡಬೇಕೆಂಬುದೂ ನಿಜ, ಬೇಕೆಂಬುದೂ ನಿಜ. ನೀವು ಒಂದು ಪಕ್ಷ ಹಿಡಿದರೆ ಅವರಿಗೆ ಉಳಿಯುವುದು ಇನ್ನೊಂದೇ. ‘ನಾನೇನು ದಿನಾ ಕುಡಿಯಲ್ಲ, ಮನೆಯವರು ಸುಮ್ಮನೆ ದೊಡ್ಡದು ಮಾಡ್ತಾರೆ’ ಎನ್ನುವವರಿಗೆ ‘ವಾರಕ್ಕೆ ನಾಲ್ಕು ದಿನ ಕುಡಿದರೆ ಸಾಲದೇ?’ ಎಂದು ಕೇಳಿ ನೋಡಿ, ಮುಂದಿನ ಹತ್ತು ನಿಮಿಷ ಅವರು ಕುಡಿತದ ಪರ ವಕಾಲತ್ತು ನಡೆಸುತ್ತಾರೆ. ಅದರ ಬದಲು ‘ಕುಡಿತ ನಿಮ್ಮ ಹಿಡಿತದಲ್ಲೇ ಇದೆ ಅನ್ನಿಸ್ತಿದೆ. ಆದರೂ ಮನೆಯಲ್ಲಿ ಇದೇ ಮಾತು ಎದ್ದೇಳ್ತಿದೆ’ ಎಂದು ಅವರ ಮಾತನ್ನೇ ಹಿಂದಿರುಗಿಸಿ, ಸುಮ್ಮನಿರಿ. ‘ಹೂಂ, ಮಗಳು ಮಾತಾಡಿಸೋದೇ ಬಿಟ್ಟಿದ್ದಾಳೆ’ ಎಂಬ ಮಾತು ಹೊರಬರಲು ಆ ಮೌನ ಬೇಕು. ಒಂದು ಪ್ರಶ್ನೆಗೆ ಇಂಥ ಎರಡು ಪ್ರತಿಫಲನವಾದರೂ ಇರಲಿ ಎಂಬುದು ತರಬೇತಿಯಲ್ಲಿ ಹೇಳಿಕೊಡುವ ಅಳತೆ. ಪ್ರಶ್ನೆಗಳೇ ಹೆಚ್ಚಾದರೆ ಮಾತುಕತೆ ವಿಚಾರಣೆಯಾಗುತ್ತದೆ.

ಸೊನ್ನೆಯಿಂದ ಹತ್ತರ ಅಳತೆಗೋಲೂ ಮಿಲ್ಲರ್ ಅವರ ಇದೇ ಪದ್ಧತಿಯದು. ಬಿಡುವುದು ನಿಮಗೆ ಎಷ್ಟು ಮುಖ್ಯ ಎಂದರೆ ‘ನಾಲ್ಕು’ ಎಂಬ ಉತ್ತರ ಬಂತೆನ್ನಿ. ಹೊಸಬರು ತಡವರಿಸುವುದು ಇಲ್ಲೇ: ‘ಎಂಟು ಯಾಕಲ್ಲ?’ ಎಂದುಬಿಡುತ್ತಾರೆ, ನೆಪಗಳು ಸಾಲುಗಟ್ಟುತ್ತವೆ. ‘ಒಂದು ಅನ್ನದೆ ನಾಲ್ಕು ಅಂದಿರಲ್ಲ, ಯಾಕೆ?’ ಎಂದು ಕೇಳಿದರೆ ಬಿಡಲು ಇರುವ ಕಾರಣಗಳನ್ನು ಅವರೇ ಹೇಳುತ್ತಾರೆ. ತಮ್ಮ ಬಾಯಿಂದ ಬಂದ ಕಾರಣಕ್ಕೆ ಇರುವ ತೂಕ ನಮ್ಮ ಉಪದೇಶಕ್ಕಿಲ್ಲ.

ಮರುಕಳಿಕೆಯ, ಅಂದರೆ ಬಿಟ್ಟ ಚಟ ಮತ್ತೆ ಹಿಡಿಯುವುದರ ಬಗೆಗಿನ ನೋಟ ಬದಲಿಸಿದವರು ಮನೋವಿಜ್ಞಾನಿ ಅಲನ್ ಮಾರ್ಲಟ್. 1985ರ ಹೊತ್ತಿಗೆ ಅವರು ಒಂದು ಗುಟುಕಿಗೂ ಪೂರ್ತಿ ಮರುಕಳಿಕೆಗೂ ನಡುವೆ ಗೆರೆ ಎಳೆದಿದ್ದರು. ‘ಹೇಗೂ ಒಂದು ಹೋಯ್ತು, ಇನ್ನೇನು ಉಳೀತು’ ಎಂಬ ಅಪರಾಧಪ್ರಜ್ಞೆಯೇ ಮೊದಲ ಗುಟುಕನ್ನು ಇಡೀ ಬಾಟಲಿಗೆ ಒಯ್ಯುತ್ತದೆ. ಆದ್ದರಿಂದ ಜಾರಿದ ದಿನವನ್ನು ನಕ್ಷೆಯಂತೆ ಬಿಡಿಸಿಕೊಳ್ಳಬೇಕು: ಎಷ್ಟು ಹೊತ್ತಿಗೆ, ಜೊತೆಗೆ ಯಾರು, ಕೈಯಲ್ಲಿ ಹಣವಿತ್ತೇ, ಅದಕ್ಕೂ ಮುಂಚೆ ಯಾರೊಡನೆ ಜಗಳ, ಯಾವ ಬೇಸರ. ‘ಸುಮ್ಮನೆ ಆ ದಾರಿಯಲ್ಲಿ ಹೋದೆ’ ಎಂಬ ಮುಗ್ಧ ಎನಿಸುವ ನಿರ್ಧಾರವನ್ನೂ ಬಿಡಬಾರದು. ತುಡಿತ ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗೆ ಎಲ್ಲಿರಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಮೊದಲೇ ಬರೆದಿರಬೇಕು.

1997ರಲ್ಲಿ ಪ್ರಕಟವಾದ ‘ಪ್ರಾಜೆಕ್ಟ್ ಮ್ಯಾಚ್’ ಅಧ್ಯಯನ ಕುಡಿತದ ಚಟವಿದ್ದ 1,700ಕ್ಕೂ ಹೆಚ್ಚು ಜನರ ಮೇಲೆ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳ ಮಾರ್ಗ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಅರಿವು-ವರ್ತನೆ ಚಿಕಿತ್ಸೆ ಮತ್ತು ಮಿಲ್ಲರ್ ಪದ್ಧತಿಯನ್ನು ಆಧರಿಸಿದ ಪ್ರೇರಣಾ ಚಿಕಿತ್ಸೆಗಳನ್ನು ಹೋಲಿಸಿತು. ಫಲಿತಾಂಶ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಪದ್ಧತಿಯ ಹೆಸರಿಗಾಗಿ ಜಗಳವಾಡುವವರು ಇದನ್ನು ಮರೆಯಬಾರದು.

ಮಾತು ಸಾಲದ ಜಾಗವೂ ಇದೆ. ದಿನವೂ ವಿಪರೀತ ಕುಡಿಯುವವರಿಗೆ ‘ಇವತ್ತೇ ಬಿಡಿ’ ಎನ್ನುವುದು ಅಪಾಯ. 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗಬಹುದು, ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನ ಸನ್ನಿ ಹಿಡಿದು ಜೀವವೇ ಹೋಗಬಹುದು. ಅಂಥವರು ಮೊದಲು ವೈದ್ಯರ ಬಳಿ ಹೋಗಬೇಕು. ಅಫೀಮು ಜಾತಿಯ ಮಾದಕಗಳಿಗೆ 1965ರಲ್ಲಿ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್, ತುಡಿತ ತಗ್ಗಿಸುವ ಬದಲಿ ಔಷಧವಾದ ಮೆಥಡೋನ್ ಚಿಕಿತ್ಸೆಯ ಫಲ ತೋರಿಸಿದರೂ ‘ಒಂದು ಚಟದ ಜಾಗಕ್ಕೆ ಇನ್ನೊಂದು’ ಎಂದು ತಿರಸ್ಕರಿಸಿದ ಸಮಾಲೋಚಕರಿದ್ದರು. ಆ ಔಷಧ ಸಾವುಗಳನ್ನು ತಗ್ಗಿಸುತ್ತದೆ, ಅದನ್ನು ನಿಲ್ಲಿಸುವಂತೆ ಒತ್ತಾಯಿಸುವುದು ನಮ್ಮ ಕೆಲಸವಲ್ಲ. ಇಂಥ ಮಾದಕವನ್ನು ಕೆಲವು ವಾರ ಬಿಟ್ಟಿದ್ದವರ ದೇಹ ಹಳೆಯ ಪ್ರಮಾಣವನ್ನು ತಡೆಯದು, ಅದೇ ಪ್ರಮಾಣ ಅವರನ್ನು ಕೊಲ್ಲಬಹುದು. ಚಿಕಿತ್ಸಾ ಕೇಂದ್ರದಿಂದ ಹೊರಡುವವರಿಗೂ ಅವರ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕು, ಪ್ರಮಾಣ ಮೀರಿದಾಗ ಜೀವ ಉಳಿಸುವ ಔಷಧವಾದ ನ್ಯಾಲೊಕ್ಸೋನ್ ಬಳಕೆಯನ್ನೂ ತೋರಿಸಬೇಕು.

ಮತ್ತೆ ಜಾರಿ ತಲೆ ತಗ್ಗಿಸಿ ಬಂದು ಕೂತವರನ್ನು ಮೊದಲು ಕೇಳಬೇಕಾದದ್ದು, ಕೊನೆಯ ಬಾರಿ ತೆಗೆದುಕೊಂಡದ್ದು ಯಾವಾಗ, ಎಷ್ಟು ಎಂದು. ಜೀವಕ್ಕೆ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಕೇಳಬೇಕಾದದ್ದು: ‘ಅದಕ್ಕೂ ಮುಂಚೆ ನಲವತ್ತು ದಿನ ಬಿಟ್ಟಿದ್ದಿರಲ್ಲ, ಅದನ್ನು ಹೇಗೆ ಸಾಧಿಸಿದಿರಿ?’