ಪರೋಕ್ಷ ತಾರತಮ್ಯ: ಹೆಣ್ಣು ಬೇಡ ಎಂದು ಯಾರೂ ಹೇಳಿರುವುದಿಲ್ಲ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟಕ್ಕೆ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಬೇಕಾಗಿದೆ ಎಂದುಕೊಳ್ಳಿ. ಷರತ್ತು ಎರಡೇ. ಮರಗಸಿ ಮಾಡಿದ ಅನುಭವ ಇರಬೇಕು, ಬೈಕ್ ಓಡಿಸಲು ಬರಬೇಕು. ಗಂಡಸರೇ ಆಗಬೇಕು ಎಂದು ಎಲ್ಲೂ ಇಲ್ಲ. ಆದರೆ ಮರಗಸಿಗೆ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸಕ್ಕೆ, ನಮ್ಮ ತೋಟಗಳಲ್ಲಿ ಕರೆಯುವುದು ಗಂಡಸರನ್ನೇ. ತೋಟದ ಕೂಲಿಯವರು ಇರುವ ಲೈನ್ ಮನೆಯ ಹೆಣ್ಣುಮಕ್ಕಳ ಕೈಗೆ ಬೈಕ್ ಸಿಗುವುದೂ ಅಪರೂಪ. ವರ್ಷಗಟ್ಟಲೆ ಹಣ್ಣು ಕೊಯ್ದು, ಚಿಗುರು ತೆಗೆದು, ಗೊಬ್ಬರ ಹಾಕಿ, ಯಾವ ಗಿಡ ಎಷ್ಟು ಫಸಲು ಕೊಡುತ್ತದೆ ಎಂದು ಬಲ್ಲ ಹೆಂಗಸು ಕೇಳುವ ಮೊದಲೇ ಹೊರಗುಳಿಯುತ್ತಾಳೆ.

ಇದೇ ಪರೋಕ್ಷ ತಾರತಮ್ಯ. ನಿಯಮ ಎಲ್ಲರಿಗೂ ಒಂದೇ. ಅದರ ಹೊಡೆತ ಮಾತ್ರ ಒಂದು ಗುಂಪಿನ ಮೇಲೆ ಜಾಸ್ತಿ.

ನೇರ ತಾರತಮ್ಯವನ್ನು ಗುರುತಿಸುವುದು ಸುಲಭ. ಒಂದೇ ಕೆಲಸಕ್ಕೆ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಕೊಟ್ಟರೆ ಅದು ನೇರವಾದದ್ದು. ಸರ್ಕಾರ ಗೊತ್ತುಮಾಡುವ ಕನಿಷ್ಠ ಕೂಲಿಯಲ್ಲಿ ಅಂಥ ಭೇದ ಇಲ್ಲ. ನೇರ ತಾರತಮ್ಯಕ್ಕೆ ದೊಡ್ಡ ಉದಾಹರಣೆ ಕೊಡಗಿನವರೇ ಆದ ಸಿ.ಬಿ. ಮುತ್ತಮ್ಮನವರ ಕಥೆ. ವಿರಾಜಪೇಟೆಯಲ್ಲಿ ಹುಟ್ಟಿದ ಅವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ 1961ರಲ್ಲಿ ಬಂದ ನಿಯಮ ಹೇಗಿತ್ತು ಗೊತ್ತಾ? ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಸಂಸಾರ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ಮದುವೆಯಾದ ಮೇಲೆ ರಾಜೀನಾಮೆ ಕೇಳಬಹುದು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪು ಬರುವಷ್ಟರಲ್ಲಿ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತ್ತು, ಮದುವೆಯ ಆ ನಿಯಮವನ್ನೂ ಕೈಬಿಡುತ್ತಿರುವುದಾಗಿ ಹೇಳಿತ್ತು. ಹಾಗಾಗಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನಿರಲಿಲ್ಲ. ಸಂಸಾರದ ತೊಡಕು ಗಂಡಸಿಗೂ ಬರಬಹುದಲ್ಲ, ಹೆಂಗಸಿಗೆ ಮಾತ್ರ ಯಾಕೆ ಈ ನಿಯಮ ಎಂಬ ಅರ್ಥದಲ್ಲಿ ಖಾರವಾಗಿಯೇ ಬರೆದರು.

ಮುತ್ತಮ್ಮನವರಿಗೆ ತೋರಿಸಲು ಹೆಣ್ಣು ಎಂದೇ ಬರೆದ ಒಂದು ನಿಯಮವಾದರೂ ಇತ್ತು. ಪರೋಕ್ಷ ತಾರತಮ್ಯದಲ್ಲಿ ಅದೂ ಇರುವುದಿಲ್ಲ.

ಈ ಮಾತು ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಸೇನೆಯ ಒಂದು ಪ್ರಕರಣದಲ್ಲಿ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಈ ಜಿಲ್ಲೆಯ ಜನ ಅದನ್ನು ತಿಳಿದಿರಲೇಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ಅಧಿಕಾರಿಗಳಿಗೂ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗೂ ಸೇವೆಯಲ್ಲಿರುವ ಅವಕಾಶ, ಕೊಡಬೇಕು ಎಂದಿತು. ಸೇನೆ ಆಯ್ಕೆ ನಡೆಸಿತು. ಅಳತೆಗೋಲು ಗಂಡಸರದ್ದೇ, ಅದರಲ್ಲೇನು ತಪ್ಪು ಅನಿಸಬಹುದು. ಆದರೆ ಗಂಡಸರ ದೇಹದಾರ್ಢ್ಯ ನೋಡಿದ್ದು ಅವರು ಐದನೇ ಅಥವಾ ಹತ್ತನೇ ವರ್ಷದ ಸೇವೆಯಲ್ಲಿ, ಚಿಕ್ಕ ಪ್ರಾಯದಲ್ಲಿದ್ದಾಗ. ಈ ಹೆಂಗಸರಲ್ಲಿ ಅನೇಕರಿಗೆ ಆ ಅವಕಾಶವೇ ಸಿಕ್ಕಿರಲಿಲ್ಲ. ಸಿಕ್ಕಾಗ ನಲವತ್ತು ದಾಟಿತ್ತು. ಆಗ ಅದೇ ದೇಹದಾರ್ಢ್ಯ ಕೇಳಿದರು. ವಾರ್ಷಿಕ ಗೌಪ್ಯ ವರದಿಗಳೂ ಅಷ್ಟೇ. ಇವರು ಕಾಯಂ ಆಗುವವರಲ್ಲ ಎಂದು ಮೇಲಧಿಕಾರಿಗಳು ಗಮನ ಕೊಡದೆ ಬರೆದಿದ್ದ ಹಳೆಯ ವರದಿಗಳನ್ನೇ ಈಗ ಅಳತೆಗೆ ಹಿಡಿದರು. 2021ರ ಮಾರ್ಚ್ 25ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇದನ್ನು ಪರೋಕ್ಷ ತಾರತಮ್ಯ ಎಂದೇ ಕರೆದರು. ಯಾರೋ ಬೇಕೆಂದೇ ಮಾಡಿದರು ಎಂದು ಸಾಬೀತು ಮಾಡಬೇಕಿಲ್ಲ, ಪರಿಣಾಮ ನೋಡಿದರೆ ಸಾಕು ಎಂದರು.

ನನಗೆ ಈ ಕಲ್ಪನೆಯಲ್ಲಿ ತುಂಬಾ ಮುಖ್ಯ ಅನಿಸುವುದು ಇದೇ. "ನಾವು ಯಾರಿಗೂ ಬೇಡ ಅಂದಿಲ್ಲ, ಅವರೇ ಬರುವುದಿಲ್ಲ" ಎನ್ನುವ ಉತ್ತರವನ್ನು ಕೊಡಗಿನಲ್ಲಿ ಎಷ್ಟು ಸಲ ಕೇಳುತ್ತೇವೆ, ಅಲ್ವಾ? ಹೇಳುವವರು ಕೆಟ್ಟವರೇ ಆಗಬೇಕಿಲ್ಲ. ಆದರೆ ಬಾರದಂತೆ ಮಾಡಿದ ಷರತ್ತು ಯಾವುದು ಎಂದು ಅವರು ನೋಡಿರುವುದಿಲ್ಲ.

ಸೇನೆಯ ಪ್ರಕರಣದಲ್ಲಿ ಕೋರ್ಟ್ ಕೆನಡಾದ 2020ರ ತೀರ್ಪೊಂದನ್ನು ಆಧಾರ ಮಾಡಿಕೊಂಡಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಂದು ಹುದ್ದೆಯನ್ನು ಇಬ್ಬರು ಹಂಚಿಕೊಂಡು ದುಡಿದ ಮಹಿಳಾ ಪೊಲೀಸರಿಗೆ ಪಿಂಚಣಿಯಲ್ಲಿ ನಷ್ಟವಾಗಿತ್ತು. ಅಲ್ಲಿಂದ ಬಂದದ್ದು ಎರಡು ಪ್ರಶ್ನೆ. ನಿಯಮದ ಹೊರೆ ಒಂದು ಗುಂಪಿನ ಮೇಲೆ ಹೆಚ್ಚು ಬೀಳುತ್ತಿದೆಯಾ? ಅವರ ಹಳೆಯ ಕಷ್ಟವನ್ನು ಅದು ಇನ್ನೂ ಗಟ್ಟಿ ಮಾಡುತ್ತಿದೆಯಾ?

ಹಾಗೆಂದು ಎಲ್ಲ ಷರತ್ತೂ ತಪ್ಪಲ್ಲ. ಮರ ಹತ್ತುವ ಕೆಲಸಕ್ಕೇ ಆಳು ಬೇಕಿದ್ದರೆ ಹತ್ತಲು ಬರಬೇಕು ಎನ್ನುವುದು ನ್ಯಾಯ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಕೆಲಸದ ಹಂಚಿಕೆ ನೋಡುವ ಹುದ್ದೆಗೆ ಅದು ಯಾಕೆ? ಕೆಲಸಕ್ಕೆ ನಿಜವಾಗಿ ಏನು ಬೇಕು ಎಂದು ಕೇಳಿದರೆ ಅನೇಕ ಷರತ್ತುಗಳು ಬರೀ ರೂಢಿ ಎಂದು ಗೊತ್ತಾಗುತ್ತದೆ.

ಸೇನೆಯ ತೀರ್ಪು ಸಂವಿಧಾನದ ಸಮಾನತೆಯ ವಿಧಿಗಳ ಮೇಲೆ ನಿಂತಿದೆ. ಆ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ತೋಟ, ಹೋಂಸ್ಟೇ, ರೆಸಾರ್ಟ್‌ಗಳ ಮಟ್ಟಿಗೆ ಹಿಡಿಯಬೇಕಾದದ್ದು 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆ. ಕೂಲಿಯಲ್ಲಿ ಮಾತ್ರವಲ್ಲ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೂ ಲಿಂಗದ ಆಧಾರದ ಮೇಲೆ ಭೇದ ಮಾಡಬಾರದು ಎಂದು ಅದು ಹೇಳುತ್ತದೆ. ಆದರೆ ಪರೋಕ್ಷ ತಾರತಮ್ಯ ಎಂದರೇನು ಎಂದು ಅದರಲ್ಲಿ ಬರೆದಿಲ್ಲ. ಅದು ಬರಬೇಕು. ತೋಟದ ಹೆಂಗಸೊಬ್ಬಳು ತನ್ನ ದೂರಿಗೆ ಆಧಾರ ಹುಡುಕುತ್ತಾ ಸೇನೆಯ ತೀರ್ಪಿನವರೆಗೆ ಹೋಗುವಂತಾಗಬಾರದು.